ಆರ್ಡರ್ ನಿಂತಾಗ ಬೇಕಾದ್ದು ಸಾಲವಲ್ಲ, ಸಂಬಳ

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿತು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಫ್ತುದಾರರಿಗೆ ₹20,000 ಕೋಟಿವರೆಗಿನ ಅಡಮಾನರಹಿತ ಸಾಲಕ್ಕೆ ಖಾತರಿ ಕೊಟ್ಟಿತು. ಮಾಲೀಕ ಉಳಿದರೆ ಕಾರ್ಮಿಕರೂ ಉಳಿಯುತ್ತಾರೆ ಎಂಬುದು ಇದರ ಹಿಂದಿನ ವಾದ. ನಾನು ಅದನ್ನು ಒಪ್ಪಲಾರೆ. ಕೊಳ್ಳುವವನೇ ಕೈಬಿಟ್ಟ ಮೇಲೆ, ಸಾಲ ಸಿಕ್ಕಿತೆಂದು ಯಾರೂ ಮಾರಾಟವಾಗದ ಅಂಗಿ ಹೊಲಿಸುವುದಿಲ್ಲ.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬ್ರೆಜಿಲ್ ಈ ಪಾಠ ಕಲಿತಿತ್ತು. ಅದರ ರಫ್ತು ಗಳಿಕೆಯಲ್ಲಿ ಸಿಂಹಪಾಲು ಕಾಫಿಯದು. 1929ರ ಸೆಪ್ಟೆಂಬರ್‌ನಲ್ಲಿ ಪೌಂಡಿಗೆ 22.5 ಸೆಂಟ್ ಇದ್ದ ಬೆಲೆ ಎರಡೇ ವರ್ಷದಲ್ಲಿ 8 ಸೆಂಟ್‌ಗೆ ಬಿತ್ತು. ಗಿಡದ ತುಂಬ ಹಣ್ಣು, ಬಂದರಿನಲ್ಲಿ ಕೇಳುವವರಿಲ್ಲ. ಸರ್ಕಾರವೇ ಉರುಳಿ ಗೆಟುಲಿಯೊ ವರ್ಗಾಸ್ ಅಧಿಕಾರಕ್ಕೆ ಬಂದರು. ಅವರ ಸರ್ಕಾರ ಬೆಳೆಯನ್ನು ತಾನೇ ಕೊಂಡಿತು. ಕೊಂಡು ಸುಟ್ಟಿತು, ಸಮುದ್ರಕ್ಕೆ ಸುರಿಯಿತು, ರೈಲು ಎಂಜಿನ್ನಿಗೆ ಉರುವಲಾಗಿಸಿತು. 1944ರ ಹೊತ್ತಿಗೆ ಹೀಗೆ ನಾಶವಾದದ್ದು 60 ಕೆ.ಜಿ.ಯ ಸುಮಾರು 7.8 ಕೋಟಿ ಚೀಲ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರ ಇದನ್ನು ಓದಿದರೆ ಕರುಳು ಚುರ್ರೆನ್ನುತ್ತದೆ. ಆದರೆ ಅರ್ಥಶಾಸ್ತ್ರಜ್ಞ ಸೆಲ್ಸೊ ಫುರ್ಟಾಡೊ ಆ ಹೊಗೆಯಾಚೆಗೆ ನೋಡಿದರು. ಕೂಲಿ ಇಳಿದರೂ ಕೊಯ್ಲು ನಿಲ್ಲಲಿಲ್ಲ, ಕೊಯ್ದವರ ಕೈಯಲ್ಲಿ ಕಾಸು ಓಡಾಡಿತು. ಆಮದಿಗೆ ವಿದೇಶಿ ವಿನಿಮಯ ಇಲ್ಲದ್ದರಿಂದ ಆ ಕಾಸು ದೇಶದ ಗಿರಣಿಗಳ ಬಟ್ಟೆಯತ್ತ ತಿರುಗಿತು. 1933ರಲ್ಲೇ ಬ್ರೆಜಿಲ್ ಚೇತರಿಸಿಕೊಳ್ಳುತ್ತಿತ್ತು. ತೋಟದ ಧಣಿಗಳಿಗೇ ಹೆಚ್ಚು ಲಾಭವಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಸರ್ಕಾರ ತಾನೇ ಕೊಳ್ಳುವವನಾಗಿ ನಿಂತದ್ದರಿಂದ ತೋಟದ ಕೆಲಸ ಉಳಿಯಿತು.

ಅದೇ ವರ್ಷಗಳಲ್ಲಿ ಬ್ರಿಟಿಷರು ಇಲ್ಲಿ ಮಾಡಿದ್ದು ತದ್ವಿರುದ್ಧ. ಬೆಳೆಯ ಬೆಲೆ ಸುಮಾರು ಅರ್ಧಕ್ಕಿಳಿದರೂ ರೂಪಾಯಿಯನ್ನು 18 ಪೆನ್ಸ್‌ಗೇ ಕಟ್ಟಿಹಾಕಿದರು, ಕಂದಾಯವನ್ನು ನಗದಿನಲ್ಲೇ ವಸೂಲಿ ಮಾಡಿದರು. ರೈತರ ಮನೆಯ ಒಡವೆ ಕರಗಿ ಲಂಡನ್ ಸೇರಿತು. ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯಲ್ಲಿ ಸ್ವರಾಜ್ಯದ ಕಿಚ್ಚಿನ ಜತೆಗೆ ಈ ಸಂಕಟವೂ ಇತ್ತು. ಅದಕ್ಕೆ ಸಿಕ್ಕ ಉತ್ತರ ಜಮೀನು ಜಪ್ತಿ.

ಇಷ್ಟು ಹಿಂದಕ್ಕೆ ಹೋಗುವುದೂ ಬೇಡ. ರಫ್ತನ್ನೇ ನಂಬಿದ ಜರ್ಮನಿಯ ಜಿಡಿಪಿ 2009ರಲ್ಲಿ ಶೇ 5ಕ್ಕೂ ಹೆಚ್ಚು ಕುಸಿಯಿತು. ಕಾರ್ಖಾನೆಗಳು ಆಳು ತೆಗೆಯುವ ಬದಲು ಕೆಲಸದ ಗಂಟೆ ಕಡಿಮೆ ಮಾಡಿದವು. ಹಾಗೆ ತಪ್ಪಿದ ಸಂಬಳದ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು, ನಿರುದ್ಯೋಗ ವಿಮೆಯ ನಿಧಿ ತುಂಬಿಕೊಟ್ಟಿತು. ನಿರುದ್ಯೋಗ ಹೆಚ್ಚಿದ್ದು ಅತ್ಯಲ್ಪ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅಂಥದ್ದೇನಿದೆ? ಕಷ್ಟಕಾಲಕ್ಕೆ ಅವರು ನೆಚ್ಚಿಕೊಂಡಿರುವುದು ತಮ್ಮದೇ ಪಿಎಫ್. 2016ರ ಏಪ್ರಿಲ್‌ನಲ್ಲಿ ಅದನ್ನು ಹಿಂಪಡೆಯುವ ನಿಯಮ ಬಿಗಿಯಾದಾಗ ಅವರು ಬೆಂಗಳೂರಿನ ರಸ್ತೆಗಳನ್ನು ತುಂಬಿದ್ದು ಅದಕ್ಕೇ, ಕೇಂದ್ರ ಆ ನಿಯಮವನ್ನು ಕೈಬಿಡಬೇಕಾಯಿತು. ಕೆಲಸ ಹೋದವರಿಗೆ ಸಂಬಳದ ಅರ್ಧದಷ್ಟು ಭತ್ಯೆ ಕೊಡುವ ಯೋಜನೆಯೊಂದು ಇಎಸ್‌ಐನಲ್ಲಿ ಇದೆ. ಅದು ಹೆಚ್ಚೆಂದರೆ 90 ದಿನಕ್ಕೆ.

ಆ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿ, ಖರ್ಚನ್ನು ಕೇಂದ್ರವೇ ಭರಿಸಲಿ. ಕೆಲಸದ ಗಂಟೆ ಕಡಿತವಾದವರಿಗೂ ಆ ಭತ್ಯೆ ಸಿಗಲಿ. ಸರ್ಕಾರದ ಖಾತರಿಯಲ್ಲಿ ಸಾಲ ಪಡೆದ ಕಾರ್ಖಾನೆ ಸಾಲ ತೀರುವವರೆಗೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಷರತ್ತನ್ನು ಸಾಲಪತ್ರದಲ್ಲೇ ಬರೆಸಬೇಕು. ಮುರಿದವರಿಗೆ ಆ ಖಾತರಿ ಮತ್ತೆ ಸಿಗಬಾರದು.