ಚಿನಕುರಳಿಯ ಗದ್ದೆ ಮತ್ತು ಪದವಿ ತರಗತಿ ಕೈಬಿಟ್ಟ ಸಂಶೋಧನೆ

2024ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಆರಂಭವಾಗಿದ್ದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ಮೂರು ವರ್ಷದ ಪದವಿಗೆ ಮರಳಿದಾಗ, ಅದನ್ನು ಸ್ವಾಗತಿಸಿದವರೂ ವಿರೋಧಿಸಿದವರೂ ಬಹುಮಟ್ಟಿಗೆ ವರ್ಷಗಳ ಲೆಕ್ಕದಲ್ಲೇ ಮುಳುಗಿಹೋದರು. ನಾಲ್ಕನೆಯ ವರ್ಷದ ಜೊತೆಗೆ ಅದರ ತಿರುಳಾಗಿದ್ದ ಸಂಶೋಧನಾ ಯೋಜನೆಯೂ ಬದಿಗೆ ಸರಿಯಿತೆಂಬುದು ಆ ಗದ್ದಲದಲ್ಲಿ ಯಾರಿಗೂ ದೊಡ್ಡ ನಷ್ಟವಾಗಿ ತೋರಲಿಲ್ಲ. ಬಡ ಕುಟುಂಬದ ಮಕ್ಕಳ ಮೇಲೆ ಇನ್ನೊಂದು ವರ್ಷದ ಖರ್ಚನ್ನು ಹೊರಿಸಬಾರದೆಂಬ ವಾದ ನ್ಯಾಯವಾದುದೇ. ಆದರೆ ಸಂಶೋಧನೆಯು ನಾಲ್ಕನೆಯ ವರ್ಷಕ್ಕೆ ಮಾತ್ರ ಸೇರಿದ ಒಡವೆ, ಮೂರು ವರ್ಷದ ಹಳ್ಳಿಗಾಡಿನ ವಿದ್ಯಾರ್ಥಿಗೆ ಅದು ಬೇಕಿಲ್ಲ ಎಂಬ ತಿಳುವಳಿಕೆಯು ತಪ್ಪು, ಮತ್ತು ಆ ತಪ್ಪಿನ ಬೆಲೆಯನ್ನು ತೆರುತ್ತಿರುವವರು ಕಾಲೇಜಿನವರಷ್ಟೇ ಅಲ್ಲ, ರೈತರೂ ಹೌದು.

ಇದನ್ನು ಮನಗಾಣಲು ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಗಿಂತ ದೂರ ಹೋಗಬೇಕಾಗಿಲ್ಲ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರವು ಸಾಮಾನ್ಯವಾಗಿ ಒಬ್ಬೊಬ್ಬ ರೈತನ ಹೊಲವನ್ನು ನೋಡಿ ನಿರ್ಧಾರವಾಗುವುದಿಲ್ಲ. ಗ್ರಾಮ ಪಂಚಾಯಿತಿಯನ್ನೋ ಹೋಬಳಿಯನ್ನೋ ಒಂದು ವಿಮಾ ಘಟಕವಾಗಿ ಹಿಡಿದು, ಆ ಘಟಕದ ಸರಾಸರಿ ಇಳುವರಿಯು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ಲೆಕ್ಕ ಹಾಕಿದ ಮಿತಿ ಇಳುವರಿಗಿಂತ ಎಷ್ಟು ಕುಸಿಯಿತೋ ಅಷ್ಟರ ಪ್ರಮಾಣದಲ್ಲಿ ಎಲ್ಲರಿಗೂ ಹಣ ಸಲ್ಲುತ್ತದೆ. ಆ ಸರಾಸರಿ ಮುಖ್ಯವಾಗಿ ಹುಟ್ಟುವುದು ಬೆಳೆ ಕಟಾವು ಪ್ರಯೋಗದಿಂದ, ಅಂದರೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತಿಸಿ, ಕೊಯ್ದು, ಒಕ್ಕಿ, ತೂಗುವ ಕೆಲಸದಿಂದ. ಯೋಜನೆಯ ಮಾರ್ಗಸೂಚಿಯು ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4, ಹೋಬಳಿಗೆ ಕನಿಷ್ಠ 10 ಪ್ರಯೋಗಗಳನ್ನು ಕೇಳುತ್ತದೆ.

ನಾಲ್ಕು ತುಂಡು ನೆಲದಿಂದ ಇಡೀ ಪಂಚಾಯಿತಿಯ ಹಣೆಬರಹವನ್ನು ಓದುವುದು ಎಷ್ಟು ಸರಿ? ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳುವರಿಯ ಏರಿಳಿತವು ಸರಾಸರಿಯ ಶೇಕಡ 30ರಷ್ಟಿದೆ ಎಂದು ಭಾವಿಸಿದರೆ, 4 ಪ್ರಯೋಗಗಳ ಸರಾಸರಿಯ ಪ್ರಮಾಣಿತ ದೋಷ, ಎಂದರೆ ಅಂದಾಜು ನಿಜದಿಂದ ಸಾಮಾನ್ಯವಾಗಿ ಸರಿಯಬಹುದಾದ ಅಳತೆ, ಶೇಕಡ 15 ಆಗುತ್ತದೆ. 10 ಪ್ರಯೋಗಗಳಾದರೆ ಅದು ಶೇಕಡ 9.5ರ ಸುಮಾರಿಗೆ ಇಳಿಯುತ್ತದೆ. ಮಿತಿ ಇಳುವರಿ ಹೆಕ್ಟೇರಿಗೆ 40 ಕ್ವಿಂಟಲ್ ಇದ್ದು ನಿಜವಾದ ಬೆಳೆಯೂ 40 ಕ್ವಿಂಟಲ್ ಬಂದಿದ್ದರೆ, ಅಳತೆ 34 ಎಂದು ತೋರಿ ನಷ್ಟವಿಲ್ಲದ ಊರಿಗೆ ಶೇಕಡ 15ರ ಪರಿಹಾರ ಬರಬಹುದು. ನಿಜಕ್ಕೂ 34ಕ್ಕೆ ಕುಸಿದ ಪಕ್ಕದ ಊರು 40 ಎಂದು ದಾಖಲಾಗಿ ಬರಿಗೈಯಲ್ಲಿ ಉಳಿಯಬಹುದು. ವಿಮಾಗಣಿತದ, ಅಂದರೆ ಅಪಾಯಕ್ಕೆ ಬೆಲೆ ಕಟ್ಟುವ ಶಾಸ್ತ್ರದ, ವಿದ್ಯಾರ್ಥಿಯು ಇಲ್ಲಿ ಇನ್ನೊಂದನ್ನೂ ಕಾಣುತ್ತಾನೆ: ಅಂದಾಜು ಕೆಳಗೆ ಜಾರಿದಾಗ ಪರಿಹಾರ ಕೊಡಬೇಕಾಗುತ್ತದೆ, ಮೇಲೆ ಜಾರಿದಾಗ ಯಾರೂ ಹಣ ಹಿಂದಿರುಗಿಸುವುದಿಲ್ಲ, ಆದ್ದರಿಂದ ಅಳತೆಯ ದೋಷವೇ ನಿರೀಕ್ಷಿತ ಪರಿಹಾರವನ್ನು ಹಿಗ್ಗಿಸಿ ವಿಮಾ ಕಂತನ್ನು ಏರಿಸುತ್ತದೆ. ಕಂತಿನಲ್ಲಿ ರೈತನ ಪಾಲು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇಕಡ 2ಕ್ಕೆ ಸೀಮಿತವಾಗಿದ್ದರೂ, ಉಳಿದುದನ್ನು ಕೇಂದ್ರ ಮತ್ತು ರಾಜ್ಯಗಳು ಜನರ ತೆರಿಗೆಯಿಂದಲೇ ತುಂಬುತ್ತವೆ.

ಇಂಥ ಪ್ರಶ್ನೆಯನ್ನು ಕೇಳಿದ ಮೊದಲಿಗರಲ್ಲಿ ಒಬ್ಬರು ಮೈಸೂರು ಸಂಸ್ಥಾನದಲ್ಲೇ ಇದ್ದರೆಂಬುದನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಮರೆತಿರುವುದು ವಿಷಾದಕರ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿ 1920ರಲ್ಲಿ ಪ್ರಕಟಿಸಿದ ಕೃಷಿ ವಿಮೆಯ ಪುಸ್ತಕದಲ್ಲಿ, ಹೊಲಹೊಲದ ನಷ್ಟವನ್ನು ಅಳೆಯುವ ಬದಲು ಒಂದು ಪ್ರದೇಶದ ಮಳೆಯ ಕೊರತೆಯನ್ನೇ ಆಧಾರವಾಗಿಟ್ಟು ಪರಿಹಾರ ಕೊಡುವ ಯೋಜನೆಯನ್ನು ರೂಪಿಸಿದ್ದರು. ನೂರು ವರ್ಷಗಳ ತರುವಾಯ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳು ನಿಂತಿವೆ. ಆ ಮಳೆಯ ದಾಖಲೆ ಮತ್ತು ಕಟಾವಿನ ತೂಕ ಎಷ್ಟರ ಮಟ್ಟಿಗೆ ಹೊಂದುತ್ತವೆ, ವಿಶ್ವೇಶ್ವರಯ್ಯ ನಾಲೆಯ ನೀರು ಮೊದಲು ತಲುಪುವ ಗದ್ದೆಗೂ ಕೊನೆಯಂಚಿನ ಗದ್ದೆಗೂ ಒಂದೇ ಸರಾಸರಿ ಸಲ್ಲುತ್ತದೆಯೇ, ಮೇಲುಕೋಟೆ ಕಡೆಯ ಮತ್ತು ನಾಗಮಂಗಲದ ಮಳೆಯಾಶ್ರಿತ ರಾಗಿಗೆ ಇದೇ ಲೆಕ್ಕ ಒಪ್ಪುತ್ತದೆಯೇ ಎಂಬುವು ಪದವಿ ವಿದ್ಯಾರ್ಥಿಗಳ ತಂಡವೊಂದು ಎರಡು ಸೆಮಿಸ್ಟರ್‌ಗಳಲ್ಲಿ ಕೈಹಾಕಬಹುದಾದ ಪ್ರಶ್ನೆಗಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ಮೇಲೆ ಇವು ಕೇವಲ ಪುಸ್ತಕದ ಪ್ರಶ್ನೆಗಳೆಂದು ಯಾರೂ ಹೇಳಲಾರರು.

ತಂಡವೇ ಏಕೆ ಬೇಕೆಂದರೆ, ಈ ಕೆಲಸ ಒಬ್ಬರಿಂದ ಆಗುವಂಥದಲ್ಲ. ಗದ್ದೆಯ ಬದುವಿನ ಮೇಲೆ ನಿಂತು ರೈತನ ಮಾತಿನ ಒಳಗನ್ನು ಹಿಡಿಯಬಲ್ಲ ಕೃಷಿಕರ ಮನೆಯ ಹುಡುಗಿ, ಸಮೀಕರಣ ಬಿಡಿಸುವ ಗಣಿತದ ಹುಡುಗ, ಕಂಪ್ಯೂಟರಿನಲ್ಲಿ ಸಾವಿರ ಬಾರಿ ಕೃತಕ ಮಾದರಿಗಳನ್ನು ಎತ್ತಿ ದೋಷವನ್ನು ಪರೀಕ್ಷಿಸಬಲ್ಲ ಮತ್ತೊಬ್ಬರು, ವಿಮೆಯ ಷರತ್ತುಗಳನ್ನು ಓದಬಲ್ಲ ವಾಣಿಜ್ಯ ವಿದ್ಯಾರ್ಥಿ ಕೂಡಿದಾಗ ಮಾತ್ರ ಪ್ರಶ್ನೆಯ ಎಲ್ಲ ಮಗ್ಗುಲುಗಳೂ ಕಾಣುತ್ತವೆ. ವಿಮಾಗಣಿತಜ್ಞರ ವೃತ್ತಿಯೂ ಇಂಥ ಕೂಡು ದುಡಿಮೆಯಿಂದಲೇ ನಡೆಯುತ್ತದೆ.

ಪದವಿ ತರಗತಿಯಲ್ಲಿ ಸಂಶೋಧನೆ ಬೇಡವೆನ್ನುವವರ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದುದು: ಅತಿಥಿ ಉಪನ್ಯಾಸಕರ ಮೇಲೆ ನಿಂತ ಕಾಲೇಜುಗಳಲ್ಲಿ ಮಾರ್ಗದರ್ಶನ ಮಾಡುವವರಿಲ್ಲದೆ ಯೋಜನಾ ವರದಿಯು ನಕಲು ಹಾಳೆಗಳ ಕಟ್ಟಾಗುತ್ತದೆ, ತಂಡದಲ್ಲಿ ಒಬ್ಬ ದುಡಿದು ನಾಲ್ವರು ಅಂಕ ಪಡೆಯುತ್ತಾರೆ. ಇದು ನಿಜ, ಮತ್ತು ಇದನ್ನು ಮುಚ್ಚಿಡುವವರು ಸಂಶೋಧನೆಯ ಹಿತೈಷಿಗಳಲ್ಲ. ಆದರೆ ನಕಲು ಸುಲಭವಾಗುವುದು ವಿಷಯವು ಎಲ್ಲಿಯದೋ ಆಗಿರುವಾಗ. ಚಿನಕುರಳಿಯ ಈ ವರ್ಷದ ಭತ್ತದ ತೂಕ ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಮತ್ತು ತಂಡದ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ತಮ್ಮ ಭಾಗವನ್ನು ಬಾಯಿಮಾತಿನಲ್ಲಿ ವಿವರಿಸಲು ಕೇಳಿದರೆ ದುಡಿದವರು ಯಾರೆಂಬುದು ಮುಚ್ಚಿಡಲಾಗದಂತೆ ಹೊರಬೀಳುತ್ತದೆ. ಶಿಕ್ಷಕರ ಕೊರತೆಗೆ ಉತ್ತರ ಖಾಯಂ ನೇಮಕಾತಿಯೇ ಹೊರತು, ಕಲಿಕೆಯನ್ನು ಕತ್ತರಿಸುವುದಲ್ಲ.

ಆದ್ದರಿಂದ ರಾಜ್ಯ ಸರ್ಕಾರವು ನಾಲ್ಕನೆಯ ವರ್ಷವನ್ನು ಮರಳಿ ತರಬೇಕಾಗಿಲ್ಲ. ಮೂರನೆಯ ವರ್ಷದ ಎರಡೂ ಸೆಮಿಸ್ಟರ್‌ಗಳಲ್ಲಿ ಸಂಖ್ಯಾಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮತ್ತು ವಾಣಿಜ್ಯ ವಿದ್ಯಾರ್ಥಿಗಳಿಗೆ ತಂಡದ ಸಂಶೋಧನೆಯನ್ನು ಕಡ್ಡಾಯಗೊಳಿಸಬೇಕು. ಅದರ ಜೊತೆಗೆ, ಬೆಳೆ ಕಟಾವಿನ ಪ್ರಯೋಗವಾರು ಅಂಕಿಗಳನ್ನು, ರೈತರ ಹೆಸರು ಮತ್ತು ಸರ್ವೆ ನಂಬರುಗಳನ್ನು ತೆಗೆದು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಪದವಿ ಕಾಲೇಜುಗಳಿಗೆ ಪ್ರತಿ ಹಂಗಾಮಿನ ಕೊನೆಗೆ ಕೊಡಬೇಕು. ವಿಮಾ ಕಂಪನಿಯ ಪ್ರತಿನಿಧಿಗೆ ಕಟಾವಿನ ವೇಳೆ ಗದ್ದೆಯಲ್ಲಿ ಹಾಜರಿರಲು ಮಾರ್ಗಸೂಚಿಯು ಈಗಾಗಲೇ ಅವಕಾಶ ಕೊಟ್ಟಿದೆ. ಅದೇ ಗದ್ದೆಯ ರೈತರ ಮಕ್ಕಳಿಗೂ ವಿದ್ಯಾರ್ಥಿಗಳಾಗಿ ಅಲ್ಲಿ ನಿಲ್ಲುವ ಹಕ್ಕನ್ನು ಮುಂದಿನ ಮುಂಗಾರಿನ ಕೊಯ್ಲಿನೊಳಗೆ ಸರ್ಕಾರ ಆದೇಶದ ಮೂಲಕ ನೀಡಬೇಕು.