ಬುತ್ತಿ ನಮ್ಮದು, ಅಂಗಳ ಊರಿನದು

ಕೆಲಸದ ನಿಮಿತ್ತ ಪರಸ್ಥಳಕ್ಕೆ ಹೋಗುವವನಿಗೆ ಮೊದಲು ಬೇಕಾದುದು ತಲೆಯ ಮೇಲೊಂದು ಸೂರು. ನಮ್ಮ ಹಿರಿಯರು ಇದಕ್ಕೆಂದೇ ಛತ್ರ, ಧರ್ಮಶಾಲೆಗಳನ್ನು ಕಟ್ಟಿಸಿದರು. ಇಂಗ್ಲಿಷರ ಕಾಲದಲ್ಲಿ ಮುಸಾಫಿರ ಬಂಗಲೆಗಳು ಬಂದುವು. ಅವುಗಳ ಹಿಂದೆಯೇ ವಸತಿಗೃಹಗಳು ಬಂದುವು. ಈಚೆಗೆ ಬೆಂಗಳೂರಿನಂಥ ನಗರಗಳಲ್ಲಿ ‘ಸರ್ವಿಸ್ ಅಪಾರ್ಟ್‌ಮೆಂಟ್’ ಎಂಬ ಇನ್ನೊಂದು ಬಗೆಯ ಬಿಡಾರ ಬಳಕೆಗೆ ಬಂದಿದೆ. ಮಲಗುವ ಕೋಣೆಯೊಡನೆ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಗುಡಿಸಿ ಒರೆಸಿ ಹೋಗುವ ಆಳು ಎಲ್ಲವೂ ಅಲ್ಲುಂಟು. ಬಾಡಿಗೆ ದಿನದ ಲೆಕ್ಕದಲ್ಲಾದರೂ ಆದೀತು, ತಿಂಗಳ ಲೆಕ್ಕದಲ್ಲಾದರೂ ಆದೀತು.

ಇದು ನಗರದ ಸಂಗತಿ, ಕಾಡಿನ ನಡುವಿನ ಕೈಗಾಕ್ಕೆ ಇದರಿಂದೇನು ಎಂದು ವಾಚಕರು ಕೇಳಬಹುದು. ಕೈಗಾದಲ್ಲಿ ಸ್ಥಾವರ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಬಳಿಕ 2000ದಿಂದ 2011ರ ಒಳಗೆ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ವಿದ್ಯುತ್ತನ್ನು ಕೊಡತೊಡಗಿದುವು. ತಲಾ 700 ಮೆಗಾವ್ಯಾಟಿನ ಇನ್ನೆರಡಕ್ಕೆ ಕೇಂದ್ರ ಸರಕಾರ 2017ರಲ್ಲಿ ಒಪ್ಪಿಗೆಯಿತ್ತಿತು. ಖಾಯಂ ನೌಕರರಿಗೆ ಮಲ್ಲಾಪುರದಲ್ಲಿ ವಸತಿಯುಂಟು. ಆದರೆ ಇಂಥ ಕೆಲಸವು ಮೂರು ತಿಂಗಳಿಗೋ ಆರು ತಿಂಗಳಿಗೋ ಬರುವ ಮಂದಿಯನ್ನೂ ಕರೆತರುತ್ತದೆ. ಗುತ್ತಿಗೆದಾರರ ಇಂಜಿನಿಯರು, ಯಂತ್ರ ಜೋಡಿಸುವವರು, ವೆಲ್ಡರುಗಳು, ತಪಾಸಣೆಯವರು ಇವರೆಲ್ಲ ಎಲ್ಲಿಯಾದರೂ ಇಳಿದುಕೊಳ್ಳಲೇಬೇಕು. ನಗರದ ಹೊಸ ಬಿಡಾರ ಕಾರವಾರದ ಕಡೆಗೂ ಬರುವುದು ಸಹಜವೇ ಆಗಿದೆ.

ತಿಂಗಳುಗಟ್ಟಲೆ ಹೋಟೆಲಿನ ಊಟ ಉಂಡವನಿಗೆ ಕೈಯಾರೆ ಬೇಯಿಸಿಕೊಂಡ ಗಂಜಿಯ ಬೆಲೆ ಗೊತ್ತು. ಹೆಂಡತಿ ಮಕ್ಕಳು ಬಂದು ನಾಲ್ಕು ದಿನ ಇದ್ದುಹೋಗುವಂತಾದರೆ ಅದೂ ಸಣ್ಣ ಲಾಭವಲ್ಲ. ಆದುದರಿಂದ ಇಂಥ ಮನೆಗಳು ಬರಬಾರದೆಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ಎಲ್ಲ ಸೌಕರ್ಯವನ್ನೂ ಬಾಗಿಲ ಒಳಗೇ ತುಂಬಿಟ್ಟಾಗ, ಬಂದವನು ಹೊರಗೆ ಕಾಲಿಡುವುದಕ್ಕೆ ಕಾರಣವೇ ಇಲ್ಲದಾಗುತ್ತದೆ. ಕಾರವಾರದ ಮೀನುಪೇಟೆಯ ಗದ್ದಲವಾಗಲಿ, ಅಂಕೋಲೆಯ ಕರಿ ಇಶಾಡ ಮಾವಿನ ರುಚಿಯಾಗಲಿ ತಿಳಿಯದೆ ಆರು ತಿಂಗಳು ಕಳೆದವನು ಈ ಸೀಮೆಗೆ ಬಂದನೆಂದು ಹೇಳುವುದೆಂತು?

2004ರಿಂದ ಯುನೆಸ್ಕೊ ಸಂಸ್ಥೆಯು ಕೆಲವು ನಗರಗಳನ್ನು ‘ಸೃಜನಶೀಲ’ ನಗರಗಳೆಂದು ಹೆಸರಿಸುತ್ತಿದೆ. ಕಾರವಾರಕ್ಕೆ ಆ ಬಿರುದಿಲ್ಲ. ಆದರೆ 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಇಳಿದಾಗ, ಈ ಊರು ಒಬ್ಬ ಕವಿಯನ್ನು ಸಾಕಿತು. ಒಂದು ಬೆಳುದಿಂಗಳ ರಾತ್ರಿ ಅವರು ಸಣ್ಣ ಹಾಯಿದೋಣಿಯಲ್ಲಿ ಕಾಳೀನದಿಯನ್ನೇರಿ ಹೋದರು. ಶಿವಾಜಿಯ ಕಾಲದ ಕೋಟೆಯೊಂದರ ಬಳಿ ಇಳಿದು, ಒಬ್ಬ ರೈತನ ಗುಡಿಸಿಟ್ಟ ಅಂಗಳದಲ್ಲಿ ಕುಳಿತು, ತಾವು ತಂದಿದ್ದ ಬುತ್ತಿಯನ್ನು ಉಂಡರು. ಇದನ್ನು ಅವರೇ ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದುದೂ ಇಲ್ಲಿಯೇ. ಲೋಕದ ನಂಟನ್ನೆಲ್ಲ ಕಡಿದುಕೊಂಡೆನೆಂದು ಬೀಗಿದ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲೆಯ ಪ್ರೀತಿ ಲೋಕಕ್ಕೆ ಮರಳಿಸುವುದು ಅದರ ವಸ್ತು.

ಬುತ್ತಿ ಅತಿಥಿಯದು, ಅಂಗಳ ಊರಿನದು: ಒಳ್ಳೆಯ ಬಿಡಾರಕ್ಕೆ ಇವೆರಡೂ ಬೇಕು. ಹೊಸ ಮನೆಗಳು ಬುತ್ತಿಯ ವ್ಯವಸ್ಥೆಯನ್ನು ಚೆನ್ನಾಗಿ ಮಾಡುತ್ತವೆ. ಅಂಗಳವನ್ನು ಮಾತ್ರ ಮರೆಯುತ್ತವೆ. ಈ ಜಿಲ್ಲೆಯಲ್ಲಿ ಆ ಮರೆವು ಹೆಚ್ಚು ನೋಯಿಸುವಂಥದು. ಅದೇ ಕಾಳಿಯ ದಂಡೆಯಲ್ಲಿ ಕದ್ರಾ ಜಲಾಶಯಕ್ಕಾಗಿ ಅಂಗಳ ಬಿಟ್ಟುಕೊಟ್ಟವರಿದ್ದಾರೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಕಡಲಬದಿಯ ಹಳ್ಳಿಗಳು ತೆರವಾದುವು. ದೇಶದ ಕೆಲಸಕ್ಕೆ ಬರುವವರಿಗೆ ನಿಜವಾದ ಆತಿಥೇಯರು ಇವರೇ. ಬರುವವರಿಗಾಗಿ ಕಟ್ಟಿದ ಮನೆಯಲ್ಲಿ ಇವರ ಪಾಲಿಗೆ ಕಸಬರಿಗೆಯೊಂದೇ ಉಳಿಯುವುದಾದರೆ ಅದನ್ನು ಆತಿಥ್ಯವೆಂದು ಕರೆಯಲಾಗದು.

ಇನ್ನೊಂದು ಬಗೆಯ ಪಯಣಿಗನೂ ಉಂಟು. ಸರಕು ಹೊತ್ತ ಲಾರಿಯ ಚಾಲಕನೂ ವ್ಯಾಪಾರಕ್ಕಾಗಿಯೇ ಊರೂರು ಅಲೆಯುವವನು; ಅವನ ಮನೆ ಲಾರಿಯ ಮುಂಗೂಡು, ಅವನ ಅಂಗಳ ದಾರಿಬದಿಯ ಚಹದಂಗಡಿ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಅಂಚು ಕಡಿದಿದ್ದ ಗುಡ್ಡ ಮಳೆಗೆ ಕುಸಿದು, ಚಾಲಕರು ತಂಗುತ್ತಿದ್ದ ಅಂಥ ಒಂದು ಅಂಗಡಿ ಅದನ್ನು ನಡೆಸುತ್ತಿದ್ದ ಕುಟುಂಬದೊಡನೆ ಮಣ್ಣುಪಾಲಾಯಿತು. ಮರದ ದಿಮ್ಮಿ ಸಾಗಿಸುತ್ತಿದ್ದ ಕೇರಳದ ಚಾಲಕನೊಬ್ಬನನ್ನು ಅವನ ಲಾರಿಯೊಡನೆ ಗಂಗಾವಳಿಯಿಂದ ಮೇಲೆತ್ತಿದುದು ಸೆಪ್ಟೆಂಬರಿನಲ್ಲಿ. ಇಂಜಿನಿಯರರ ಬಿಡಾರವನ್ನು ಕುರಿತು ಯೋಚಿಸುವ ನಾವು ಇವನ ಬಿಡಾರವನ್ನು ಕುರಿತು ಯೋಚಿಸಿದ್ದು ಕಡಮೆ.

ಆದುದರಿಂದ ನನ್ನ ಸೂಚನೆ ಸರಳವಾದುದು. ಮನೆಗಳು ಬರಲಿ; ನೆಲ ಕಳೆದುಕೊಂಡ ಕುಟುಂಬಗಳು ಅವುಗಳಲ್ಲಿ ಆಳುಗಳಾಗದೆ ಪಾಲುಗಾರರಾಗಲಿ. ಪ್ರತಿಯೊಂದು ಕಟ್ಟಡದ ಕೆಳಗೂ ಊರವರು ಬಂದು ಕುಳಿತುಕೊಳ್ಳಬಹುದಾದ ಒಂದು ವಾಚನಾಲಯವಿರಲಿ. ಹೆದ್ದಾರಿಯಲ್ಲಿ, ಗುಡ್ಡದ ಬುಡದಿಂದ ದೂರ, ಚಾಲಕರಿಗೆ ಒಂದು ತಂಗುದಾಣ, ಸ್ನಾನಕ್ಕೆ ನೀರು, ಮಲಗಲು ಹಾಸಿಗೆ ಇರಲಿ. ಅಂದು ಆ ರೈತ ತನ್ನ ಅಂಗಳಕ್ಕೆ ಬಂದವರು ಯಾರೆಂದು ಬಲ್ಲನೋ ಇಲ್ಲವೋ; ಅಂಗಳವನ್ನು ಮಾತ್ರ ಗುಡಿಸಿಟ್ಟಿದ್ದ. ನಾವೂ ಅಷ್ಟನ್ನು ಮಾಡಿದರೆ ಸಾಕು.