ಎದೆಯೊಳಗಿನ ಇಂಪ್ಲಾಂಟ್: ವೈದ್ಯರಿಂದ ಮುಚ್ಚಿಡಬೇಡಿ

ಕಟ್ಟೆಮಳಲವಾಡಿಯಂಥ ಊರಿನಲ್ಲಿ ಕುಳಿತು ಸ್ತನದ ಇಂಪ್ಲಾಂಟ್ ಬಗ್ಗೆ ಬರೆಯಬೇಕೇ, ಅದು ದೊಡ್ಡ ಪಟ್ಟಣದ ಸಿರಿವಂತರ ಸಂಗತಿಯಲ್ಲವೇ ಎಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದುಕೊಂಡೇ ಒಬ್ಬ ತಾಯಿಯ ಮೂರು ವಾರ ಹಾಳು ಮಾಡಿದೆ.

ಐವತ್ತು ದಾಟಿದ ಹೆಂಗಸು, ಸೊಸೆಯ ಜೊತೆ ಬಂದಿದ್ದರು. ಎಡಗಡೆ ಎದೆ ಬಾತುಕೊಂಡಿದೆ, ಬಿಗಿಯಾಗಿದೆ ಎಂದರು. ಪರೀಕ್ಷಿಸಲು ಒಳಗೆ ಕರೆದರೆ ತೋರಿಸಲು ಒಪ್ಪಲಿಲ್ಲ, ಬಟ್ಟೆಯ ಮೇಲಿಂದಲೇ ನೋಡಿ ಎಂದರು. ನಾನೂ ಹೆಣ್ಣು, ಸೊಸೆಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ನಾಲ್ಕು ಮಾತು ಆಡಿ ನೋಡಬಹುದಿತ್ತು. ಹಯಾ ಇರುವವರನ್ನು ಯಾಕೆ ಮುಜುಗರಪಡಿಸುವುದು ಎಂದು ಸುಮ್ಮನಾದೆ. ಬಾವು ಇಳಿಯಲು ಲೇಪ ಕೊಟ್ಟೆ, ಹೊಟ್ಟೆಗೆ ಔಷಧ ಕೊಟ್ಟೆ. ಇಳಿಯಲಿಲ್ಲ. ಮೂರನೆಯ ಸಲ ಬಂದಾಗ ಅವರೇ ಸೊಸೆಯನ್ನು ಹೊರಗೆ ಕೂರಿಸಿದರು. ಒಂಬತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕ್ಯಾನ್ಸರ್‌ಗಾಗಿ ಸ್ತನ ತೆಗೆದು, ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರಂತೆ. ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಆಸ್ಪತ್ರೆಗೆ ಹೋಗುವುದೂ ನಿಂತಿತು, ಕಾಗದಗಳೂ ಕಳೆದುಹೋದವು. "ನಾಳೆ ಮೊಮ್ಮಗಳಿಗೆ ಸಂಬಂಧ ಬರಬೇಕಲ್ಲ ಬೇಟಾ, ಆ ಮನೆಯಲ್ಲಿ ಕ್ಯಾನ್ಸರ್ ಇದೆ ಅಂತಾರೆ" ಎಂದು ಕಣ್ಣೊರೆಸಿಕೊಂಡರು. ಅಂದೇ ಮೈಸೂರಿಗೆ ಕಳಿಸಿದೆ.

ಸೌಂದರ್ಯದ ಶಸ್ತ್ರಚಿಕಿತ್ಸೆ ಎಂದರೆ ನಮ್ಮ ಜನರಿಗೆ ನೆನಪಾಗುವುದು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಂಡ ನಂತರ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್. ಅಂಥ ಸಾವು ಪತ್ರಿಕೆಯಲ್ಲಿ ಬರುತ್ತದೆ. ಇಂಪ್ಲಾಂಟಿನ ತೊಂದರೆ ಹೆಚ್ಚಾಗಿ ಹಾಗೆ ಒಂದೇ ದಿನದಲ್ಲಿ ಬರುವುದಿಲ್ಲ. ಐದು, ಹತ್ತು, ಹದಿನೈದು ವರ್ಷ ಕಳೆದು, ಆಪರೇಷನ್ ಮಾಡಿದ ವೈದ್ಯರ ಹೆಸರೂ ಮರೆತ ಮೇಲೆ ಬರುತ್ತದೆ.

ಇಂಪ್ಲಾಂಟ್ ಎಂದರೆ ಸಿಲಿಕೋನಿನ ಚೀಲ. ಒಳಗೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು ಇರುತ್ತದೆ. ಹೊರಗಿನ ವಸ್ತು ಒಳಗೆ ಬಂದರೆ ಶರೀರ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ, ಅದು ಸಹಜ. ಕೆಲವರಲ್ಲಿ ಆ ಪೊರೆ ವರ್ಷ ಕಳೆದಂತೆ ಬಿಗಿದು ಚೀಲವನ್ನು ಹಿಂಡುತ್ತದೆ. ಎದೆ ಗಟ್ಟಿಯಾಗಿ, ಆಕಾರ ಕೆಟ್ಟು, ನೋವು ಶುರುವಾಗುತ್ತದೆ. ಚೀಲ ಒಡೆಯುವುದು ಇನ್ನೊಂದು ತೊಂದರೆ. ಉಪ್ಪುನೀರಿನದ್ದು ಒಡೆದರೆ ಎದೆ ಕುಗ್ಗುತ್ತದೆ, ತಿಳಿಯುತ್ತದೆ. ಜೆಲ್ ಇರುವುದು ಒಡೆದರೆ ಹೊರಗಿನಿಂದ ಏನೂ ಕಾಣದೇ ಇರಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ., ಜೆಲ್ ಇಂಪ್ಲಾಂಟ್ ಇರುವವರು ತೊಂದರೆ ಇಲ್ಲದಿದ್ದರೂ ಐದಾರು ವರ್ಷಕ್ಕೆ ಒಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು ಎನ್ನುತ್ತದೆ. ಇದು ಜೀವನಪರ್ಯಂತ ಬಾಳುವ ವಸ್ತುವಲ್ಲ ಎಂದೂ ಅದು ಸ್ಪಷ್ಟವಾಗಿ ಹೇಳಿದೆ. 2011ರಲ್ಲಿ ಅದು ಕೊಟ್ಟ ಲೆಕ್ಕದಂತೆ, ಚೆಂದಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ, ಕ್ಯಾನ್ಸರ್ ನಂತರ ಹಾಕಿಸಿಕೊಂಡವರಲ್ಲಿ ಇಬ್ಬರಲ್ಲಿ ಒಬ್ಬರಿಗೆ, ಹತ್ತು ವರ್ಷದೊಳಗೆ ತೆಗೆಸಬೇಕಾಗಿ ಬರಬಹುದು. ಮೊದಲ ಆಪರೇಷನ್ನಿನ ಖರ್ಚು ಹೇಳುವ ಕ್ಲಿನಿಕ್ಕುಗಳು ಎರಡನೆಯದರ ಖರ್ಚು ಹೇಳುತ್ತವೆಯೇ? ಕೇಳಿ ನೋಡಿ.

ತಯಾರಕರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫ್ರಾನ್ಸಿನ ಪಿ.ಐ.ಪಿ. ಕಂಪನಿ ವೈದ್ಯಕೀಯಕ್ಕೆ ಒಪ್ಪಿಗೆಯೇ ಇಲ್ಲದ, ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬಿ ಹಲವು ದೇಶಗಳಿಗೆ ಮಾರುತ್ತಿದ್ದದ್ದು 2010ರಲ್ಲಿ ಹೊರಬಿತ್ತು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷದ ಜೈಲು ಶಿಕ್ಷೆ ಆಯಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಎಂಬ ತರಿತರಿ ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಇಂಪ್ಲಾಂಟಿನ ಸುತ್ತ ಹುಟ್ಟುವ ಒಂದು ಬಗೆಯ ದುಗ್ಧಗ್ರಂಥಿ ಕ್ಯಾನ್ಸರ್ ಆ ಮೇಲ್ಮೈಯವುಗಳಲ್ಲಿ ಹೆಚ್ಚು ಕಂಡಿತ್ತು. ಆ ಹೊತ್ತಿಗೆ ಜಗತ್ತಿನಲ್ಲಿ ವರದಿಯಾಗಿದ್ದದ್ದು 573 ಪ್ರಕರಣ, 33 ಸಾವು. ಅಪರೂಪದ ರೋಗವೇ, ಹೆದರಿ ಓಡಬೇಕಿಲ್ಲ. ತೊಂದರೆ ಇಲ್ಲದವರು ತೆಗೆಸಬೇಕಿಲ್ಲ ಎಂದು ಎಫ್.ಡಿ.ಎ.ಯೇ ಹೇಳಿತು. ಬೇಗ ಗೊತ್ತಾದರೆ ಇಂಪ್ಲಾಂಟನ್ನೂ ಸುತ್ತಲಿನ ಪೊರೆಯನ್ನೂ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಅದರ ಮೊದಲ ಗುರುತು ಏನು ಗೊತ್ತೇ? ವರ್ಷಗಳ ನಂತರ ಒಂದು ಕಡೆಯ ಎದೆ ಬಾತುಕೊಳ್ಳುವುದು. ನಾನು ಲೇಪ ಕೊಟ್ಟು ಕಳಿಸಿದ್ದು ಅಂಥ ಬಾವಿಗೆ.

ಯುನಾನಿ ವೈದ್ಯೆಯಾಗಿ ಇದನ್ನು ಸ್ಪಷ್ಟವಾಗಿ ಹೇಳಬೇಕು. ಇಂಪ್ಲಾಂಟ್ ಇರುವ ಎದೆಗೆ ನಮ್ಮ ಲೇಪ, ಶಾಖ, ಎಣ್ಣೆ ತಿಕ್ಕುವುದು ಯಾವುದೂ ಚಿಕಿತ್ಸೆಯಲ್ಲ. ಅದರ ಮೇಲೆ ಹಿಜಾಮಾ ಅಂತೂ ಮಾಡಿಸಲೇಬೇಡಿ. ಬ್ಲೇಡಿನ ತುದಿಗೂ ಚೀಲಕ್ಕೂ ನಡುವೆ ಕೆಲವರಲ್ಲಿ ತೆಳುವಾದ ಚರ್ಮವಷ್ಟೇ ಇರುತ್ತದೆ, ನಂಜು ಒಳಗೆ ಇಳಿದರೆ ಇಂಪ್ಲಾಂಟನ್ನೇ ತೆಗೆಯಬೇಕಾಗಬಹುದು. ಶಸ್ತ್ರಚಿಕಿತ್ಸೆಯಲ್ಲಿ ನಮಗೆಲ್ಲ ಗುರುವಾದ ಅಬುಲ್ ಕಾಸಿಮ್ ಅಲ್ ಝಹ್ರಾವಿ ಸಾವಿರ ವರ್ಷದ ಹಿಂದೆ, ಬಲಿತ ಸ್ತನ ಕ್ಯಾನ್ಸರನ್ನು ತಾನು ಗುಣಪಡಿಸಿದ್ದೂ ಇಲ್ಲ, ಬೇರೆಯವರು ಗುಣಪಡಿಸಿದ್ದನ್ನು ಕಂಡದ್ದೂ ಇಲ್ಲ ಎಂದು ಬರೆದಿಟ್ಟರು. ತಮ್ಮ ಕೈ ಎಲ್ಲಿ ನಿಲ್ಲುತ್ತದೆ ಎಂದು ಹೇಳಲು ಅವರು ಹಿಂಜರಿಯಲಿಲ್ಲ. ನಾವು ಯಾಕೆ ಹಿಂಜರಿಯಬೇಕು?

ಇದು ಜಾಯಿಝೇ ಎಂದು ಕೇಳುವವರಿದ್ದಾರೆ. ಫತ್ವಾ ಆಲಿಮರಿಗೆ ಬಿಟ್ಟದ್ದು. ಕುಲಾಬ್ ಕಾಳಗದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ದುರ್ವಾಸನೆ ಬಂದಾಗ ಚಿನ್ನದ್ದು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದರು ಎಂಬುದು ಅಬೂದಾವೂದ್‌ನಲ್ಲಿದೆ. ಕಳೆದುಕೊಂಡ ಅಂಗದ ಜಾಗ ತುಂಬುವವರನ್ನು ನಾನು ತಡೆಯುವುದಿಲ್ಲ. ಆಪರೇಷನ್ ಬೇಡವೆನ್ನುವವರಿಗೆ ಒಳ ಉಡುಪಿನೊಳಗೆ ಇಟ್ಟುಕೊಳ್ಳುವ ಕೃತಕ ಸ್ತನಗಳೂ ಸಿಗುತ್ತವೆ. ಆದರೆ ಪಿರಿಯಾಪಟ್ಟಣದ ಕಡೆಯ ತಾಯಿಯೊಬ್ಬರು ಹತ್ತೊಂಬತ್ತರ ಮಗಳನ್ನು ಕರೆತಂದು, ನೋಡಲು ಬಂದವರು ತೆಳ್ಳಗಿದ್ದಾಳೆ ಅಂದರು, ಬೆಂಗಳೂರಿನಲ್ಲಿ ಇದಕ್ಕೆ ಮಾಡುತ್ತಾರಂತಲ್ಲ ಎಂದಾಗ ನನಗೆ ಸಿಟ್ಟೇ ಬಂತು. ಚೆಂದಕ್ಕಾಗಿ ಜೆಲ್ ಇಂಪ್ಲಾಂಟ್ ಹಾಕಲು ಅಮೆರಿಕದಲ್ಲೇ ಒಪ್ಪಿಗೆ ಇರುವುದು 22 ತುಂಬಿದವರಿಗೆ. ಮುಂದೆ ಮಗುವಿಗೆ ಹಾಲುಣಿಸುವಾಗ ಕೆಲವರಿಗೆ ತೊಂದರೆ ಆಗುತ್ತದೆ. ಮ್ಯಾಮೊಗ್ರಾಂನಲ್ಲಿ ಇಂಪ್ಲಾಂಟು ಗಂಟನ್ನು ಮರೆಮಾಡಬಹುದು, ಮೊದಲೇ ಹೇಳಿದರೆ ಬೇರೆ ಕೋನದಲ್ಲಿ ಹೆಚ್ಚು ಚಿತ್ರ ತೆಗೆಯುತ್ತಾರೆ. ಕೆಲವು ಹೆಂಗಸರು ಸುಸ್ತು, ಕೀಲುನೋವು, ಮರೆವು ಎಂದು ವರ್ಷಗಟ್ಟಲೆ ಅಲೆಯುತ್ತಾರೆ. ಇಂಪ್ಲಾಂಟೇ ಕಾರಣವೆಂದು ಖಚಿತಪಡಿಸುವ ಪರೀಕ್ಷೆ ಇಲ್ಲ, ಆದರೆ ತೆಗೆಸಿದ ಮೇಲೆ ಸುಧಾರಿಸಿದವರಿದ್ದಾರೆ. ಇಷ್ಟನ್ನೂ ಒಬ್ಬ ಹುಡುಗಿಯ ಎದೆಯೊಳಗೆ ಇಡಿಸುವುದು ನೋಡಲು ಬಂದವರ ಒಂದು ಮಾತಿಗಾಗಿಯೇ? ಆ ಸಂಬಂಧ ಬೇಡ ಅನ್ನಿ ಎಂದೆ. ತಾಯಿಗೆ ಬೇಸರವಾಯಿತು, ಮಗಳು ಮಾತ್ರ ನಕ್ಕಳು.

ಈಗಾಗಲೇ ಇಂಪ್ಲಾಂಟ್ ಇರುವವರಿಗೆ ಆಸ್ಪತ್ರೆಯವರು ಒಂದು ಕಾರ್ಡ್ ಕೊಡುತ್ತಾರೆ. ಕಂಪನಿ, ಮಾದರಿ, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ, ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಡಿ. ಮನೆಯವರಿಗೆ ಹೇಳಲಾಗದಿದ್ದರೂ ವೈದ್ಯರಿಗೆ ಹೇಳಿ.

ಆ ತಾಯಿಗೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ, ಎದೆಯಲ್ಲಿ ತುಂಬಿದ್ದ ನೀರು ತೆಗೆದು ಪರೀಕ್ಷಿಸಿದರು. ಚೀಲ ಒಡೆದಿತ್ತು. ಅಲ್ಹಮ್ದುಲಿಲ್ಲಾಹ್, ಕ್ಯಾನ್ಸರ್ ಇರಲಿಲ್ಲ. ಇಂಪ್ಲಾಂಟ್ ತೆಗೆದರು, ಮತ್ತೆ ಹಾಕಿಸಿಕೊಳ್ಳುವುದು ಬೇಡವೆಂದರು ಅವರು. ಆಸ್ಪತ್ರೆಯಲ್ಲಿ ಹದಿಮೂರು ದಿನ ಜೊತೆಗಿದ್ದು ಬಟ್ಟೆ ಬದಲಿಸಿದವಳು ಆ ಸೊಸೆಯೇ. ಹೊಸ ಕಾಗದಗಳು ಈಗ ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿವೆ, ಬೀಗದ ಕೈ ಅವಳ ಹತ್ತಿರ ಇದೆ.